ಅಡಿಕೆ ದುಡ್ಡು, ಶೆಂಗೆನ್ ವೀಸಾ

ರಜೆಗೆ ಜರ್ಮನಿಯ ಮ್ಯೂನಿಕ್‌ನಲ್ಲಿರುವ ಅಕ್ಕನ ಮನೆಗೆ ಹೋಗಲು ಶೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿ ವೀಸಾ, ಬೇಕಿತ್ತು. ನಾನಿನ್ನೂ ಎಂಎಸ್ಸಿ ವಿದ್ಯಾರ್ಥಿನಿ. ಸಂಬಳದ ಚೀಟಿ ಎಲ್ಲಿಂದ ತರಲಿ? ಖರ್ಚು ಅಪ್ಪನದು ಅಂತ ತೋರಿಸಬೇಕಾಯಿತು.

ತಲೆಬಿಸಿ ಶುರುವಾಗಿದ್ದೇ ಆಗ. ಅಪ್ಪ ಶಿರಸಿ ಕಡೆಯ ಅಡಿಕೆ ಬೆಳೆಗಾರ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಅವರು ರಿಟರ್ನ್ಸ್ ಸಲ್ಲಿಸಿಯೂ ಇಲ್ಲ. ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಅಡಿಕೆ ಮಾರಿದಾಗ ಒಟ್ಟಿಗೆ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವವರಿಗೆ ಅದು ವೀಸಾಗೋಸ್ಕರ ಸಾಲ ತಂದು ತುಂಬಿದ ಹಾಗೆ ಕಾಣಬಹುದು, ಅಲ್ವಾ? ಅದಕ್ಕೇ ಸೊಸೈಟಿಯ ಮಾರಾಟದ ಬಿಲ್ಲು ಇಟ್ಟೆ. ಪಹಣಿಯನ್ನು ಇಂಗ್ಲಿಷ್‌ಗೆ ಅನುವಾದ ಮಾಡಿಸಿ ಇಟ್ಟೆ. ಆ ಮೊತ್ತ ಯಾವುದು ಅಂತ ಕವರಿಂಗ್ ಲೆಟರ್‌ನಲ್ಲಿ ಎರಡು ಸಾಲು ಬರೆದೆ. ನಮ್ಮ ಸಂಬಂಧ ತೋರಿಸಲು ಜನನ ಪ್ರಮಾಣಪತ್ರ. ಖರ್ಚಿನ ಪತ್ರಕ್ಕೆ ಸಹಿ ಹಾಕುತ್ತಾ ಅಪ್ಪ, "ನಿನ್ನ ಖರ್ಚು ನಾನಲ್ಲದೆ ಇನ್ಯಾರು ನೋಡ್ತಾರೆ? ಅದನ್ನೂ ಬರೆದು ಕೊಡಬೇಕಾ?" ಅಂದರು.

ಜರ್ಮನಿಗೆ ಇನ್ನೊಂದು ದಾರಿಯೂ ಇದೆ. ಅಲ್ಲಿರುವವರು ತಮ್ಮೂರಿನ ವಿದೇಶಿಯರ ಕಚೇರಿಗೆ ಸಂಬಳದ ದಾಖಲೆ ಒಯ್ದು, 29 ಯೂರೋ ಕಟ್ಟಿ, ಅತಿಥಿಯ ಖರ್ಚಿಗೆ ಹೊಣೆ ಬರೆದುಕೊಡಬಹುದು. ಇದು ಬರೀ ಆಮಂತ್ರಣ ಪತ್ರವಲ್ಲ, ಕಾನೂನಿನ ಹೊಣೆ. ನನಗಾಗಿ ಅಲ್ಲಿನ ಸರ್ಕಾರ ಖರ್ಚು ಮಾಡಬೇಕಾಗಿ ಬಂದರೆ ಅಕ್ಕನಿಂದ ವಸೂಲಿ ಮಾಡಬಹುದು. ಅಕ್ಕ ತಯಾರಿದ್ದಳು. ಅಪ್ಪನೇ ಬೇಡ ಅಂದರು, ಅಳಿಯನ ಮೇಲೆ ಭಾರ ಹಾಕಬಾರದಂತೆ!

30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಸುಲಭವಾಗಿ ಸಿಕ್ಕಿತು. ಆದರೆ ಕಾಲೇಜಿನ ಬೋನಫೈಡ್ ಪತ್ರ (ಇಲ್ಲಿ ಓದುತ್ತಿದ್ದಾರೆ ಅಂತ ಕೊಡುವ ಪತ್ರ) ತರುವವರು, ವಾಪಸ್ ಬರುತ್ತೀರಿ ಅಂತ ಕಾಣುವ ಹಾಗೆ, ತರಗತಿ ಮತ್ತೆ ಶುರುವಾಗುವ ದಿನಾಂಕವನ್ನೂ ಅದರಲ್ಲಿ ಬರೆಸಿಕೊಳ್ಳಿ.