ಲೀಟರಿನ ಮಾಪು ತುಂಬಲಿಲ್ಲ

ಸಂಕ್ರಾಂತಿ ಮುಗಿದು ಎರಡನೇ ಭಾನುವಾರ ಇರಬೇಕು, ಮಕ್ಕಳ ಕಾಟಕ್ಕ ನಮ್ಮ ರಾಯಚೂರಾಗ ಹೊಸದಾಗಿ ಆದ ಒಂದು ದೊಡ್ಡ ಸೂಪರ್ ಮಾರ್ಕೆಟ್‌ಗೆ ಹೋಗಿದ್ವಿ. ಯಾವುದು ಅಂತ ಹೆಸರು ಬ್ಯಾಡ. ಒಳಗ ಎಸಿ ತಣ್ಣಗ, ಗಾಡಿ ತಳ್ಳಿಕೊಂಡು ಹೋಗೋದು ಮಕ್ಕಳಿಗೆ ಜಾತ್ರಿ ಇದ್ದಂಗ, ನಮ್ಮ ಮನೆಯವರು ಹತ್ತಿ ಮಿಲ್ಲಿನಾಗ ಲೆಕ್ಕ ಬರೀತಾರ, ಸೀಜನ್ ಟೈಮಿನಾಗ ಅವರಿಗೆ ಸಿಗೋದು ಅದೊಂದು ಭಾನುವಾರ, ಹಿಂಗಾಗಿ ನಾನೂ ಏನೂ ಅನ್ನಲಿಲ್ಲ.

ಕೌಂಟರಿಗೆ ಬಂದಾಗ ಬಿಲ್ 1,784 ಆಗಿತ್ತು. ಬಿಲ್ ಮಾಡೋ ಹುಡುಗ "ಅಕ್ಕಾ, 2,000 ದಾಟಿದ್ರ ಒಂದ್ ಕೇಜಿ ಸಕ್ರಿ ಬರೇ 9 ರೂಪಾಯಿ ನೋಡ್ರಿ" ಅಂದ. ಹಿಂದೆ ಲೈನ್ ಇತ್ತು, ವಿಚಾರ ಮಾಡಾಕ ಪುರುಸೊತ್ತು ಇಲ್ಲ, ಓಡಿ ಹೋಗಿ ಚಿಪ್ಸು, ಬಿಸ್ಕೀಟು, ಎರಡು ಖಾರಾ ಪಾಕೀಟು, ಮಕ್ಕಳ ಕೈಗೆ ಬಂದ ಚಾಕಲೇಟು ಎಲ್ಲಾ ತಂದು ಹಾಕಿದ್ವಿ, 346 ರೂಪಾಯಿದು. ಸಕ್ರಿ ಹಿಡಿದು ಒಟ್ಟು 2,139. ಮನಿಗೆ ಬರೋ ದಾರ್‍ಯಾಗ ಗಾಡಿ ಹಿಂದ ಕೂತು ಲೆಕ್ಕ ಹಾಕಿದೆ, ನಮ್ಮ ಓಣಿ ಅಂಗಡ್ಯಾಗ ಸಕ್ರಿ 45, ಅಂದ್ರ ಉಳಿಸಿದ್ದು 36, ಅದಕ್ಕ ಖರ್ಚು ಮಾಡಿದ್ದು 346. ನಾನು ಮನ್ಯಾಗ ಬ್ಲೌಸ್ ಹೊಲಿತೀನಿ, ಲೈನಿಂಗ್ ಹಾಕಿದ ಒಂದು ಬ್ಲೌಸಿಗೆ 250 ತಗೋತೀನಿ, ಅದಕ್ಕ ಒಂದು ರಾತ್ರಿ ನಿದ್ದಿ ಬಿಡಬೇಕು. ಆ 346 ಅಂದ್ರ ನನಗ ಒಂದು ಬ್ಲೌಸು, ಮ್ಯಾಲ ಇನ್ನೊಂದರ ಅರ್ಧಕ್ಕ ಹತ್ರ. ಗಂಟಲು ಕಟ್ಟಿದಂಗ ಆತು.

ಮನ್ಯಾಗ ನಮ್ಮ ಅತ್ತಿ ಚೀಲ ಬಿಚ್ಚಿ ಎಲ್ಲಾ ಸಾಮಾನು ಚಾಪಿ ಮ್ಯಾಲ ಹರವಿದ್ರು. ಅವರು ದೇವದುರ್ಗ ಕಡೆ ಹಳ್ಳ್ಯಾಗ ಇಪ್ಪತ್ತು ವರ್ಷ ಎಮ್ಮಿ ಕಟ್ಟಿ ಹಾಲು ಮಾರಿದವರು, ಓದಾಕ ಬರಂಗಿಲ್ಲ, ಅಂಕಿ ಅಷ್ಟ ಗುರುತು ಹಿಡಿತಾರ. ಸೂರ್ಯಕಾಂತಿ ಎಣ್ಣಿ ಪಾಕೀಟು ಎತ್ತಿ ಅಂಗೈ ಮ್ಯಾಲ ಇಟಗೊಂಡು ಒಂದು ಸಲ ಮ್ಯಾಲ ಕೆಳಗ ಮಾಡಿದ್ರು, ಮಗ್ಗಲಿಗೆ ಇಟ್ರು, ಎರಡನೇದು ಎತ್ತಿದ್ರು.

"ಇವು ಎಷ್ಟು ಅಂತ ತಂದಿ ಯವ್ವಾ?"

"ಲೀಟ್ರು ರೀ ಅತ್ತಿ, ಮೂರು ತಂದೀವಿ."

"ಲೀಟ್ರು ಅಲ್ಲ ಇದು."

ನಾನು ಪಾಕೀಟು ತಿರುವಿ ನೋಡ್ಲಿಲ್ಲ, ಇಷ್ಟು ದೊಡ್ಡ ಪಾಕೀಟು ಲೀಟರ್ ಅಲ್ದ ಮತ್ತೇನು ಅಂತ ವಾದ ಮಾಡ್ದೆ. ಅವರು ಮಾತಾಡಲಿಲ್ಲ, ಎದ್ದು ಹೋಗಿ ಅಟ್ಟದ ಮ್ಯಾಲಿಂದ ಹಾಲು ಅಳಿಯೋ ತಮ್ಮ ಹಳೇ ಸ್ಟೀಲ್ ಮಾಪು ತಂದ್ರು, ಹಿಡಿಕಿ ಒಂದು ಕಡೆ ಬೆಸುಗಿ ಬಿಟ್ಟೈತಿ, ಒಳಗ ತಳಕ್ಕ ಸಣ್ಣ ತಗ್ಗು ಬಿದ್ದೈತಿ. ಅರಿವಿಲೆ ಒರಿಸಿ, ಪಾಕೀಟಿನ ಮೂಲಿ ಕತ್ತರಿಸಿ, ಒಂದು ಹನಿ ಹೊರಗ ಬೀಳದಂಗ ಸುರುವಿದ್ರು. ಪಾಕೀಟು ಹಿಂಡಿ ಖಾಲಿ ಮಾಡಿದ್ರೂ ಎಣ್ಣಿ ಕಂಠದ ತನಕ ಬರ್ಲಿಲ್ಲ. ಎರಡು ಬೆರಳು ಕೆಳಗ ನಿಂತಿತ್ತು. ಅತ್ತಿ ತಮ್ಮ ಎರಡು ಬೆರಳು ಮಾಪಿನ ಬಾಯಾಗ ಅಡ್ಡ ಹಿಡಿದು ನನಗ ತೋರಿಸಿದ್ರು, ಅಷ್ಟ.

ಆಮ್ಯಾಲ ಪಾಕೀಟು ಬೆಳಕಿಗೆ ಹಿಡಿದು ಓದಿದೆ. 750 ಗ್ರಾಂ. ಮೋಸ ಅನ್ನಾಕ ಬರಂಗಿಲ್ಲ, ಬರದಾರ, ನಾನು ಓದಿಲ್ಲ. ಒಂದು ಲೀಟರ್ ಸೂರ್ಯಕಾಂತಿ ಎಣ್ಣಿ ತೂಗಿದ್ರ ಹೆಚ್ಚುಕಡಿಮಿ 910 ಗ್ರಾಂ ಬರ್ತದ, ಯಾಕಂದ್ರ ಎಣ್ಣಿ ನೀರಿಗಿಂತ ಹಗುರ, ಹಂಗಾದ್ರ 750 ಗ್ರಾಂ ಅಂದ್ರ 820 ಎಂಎಲ್ ಆಸುಪಾಸು. ಮೊದಲು ಎಣ್ಣಿ, ಚಹಾಪುಡಿ, ಬಿಸ್ಕೀಟು ಇಂಥಾವೆಲ್ಲ ಇಂತಿಷ್ಟ ತೂಕದಾಗ ಪ್ಯಾಕ್ ಮಾಡಬೇಕು ಅಂತ ರೂಲ್ ಇತ್ತಂತ, 2022ರಾಗ ಅದನ್ನ ತೆಗೆದ್ರು, ಈಗ ಎಷ್ಟರದಾದ್ರೂ ಪಾಕೀಟು ಮಾಡಬಹುದು. ಅದರ ಬದಲಿಗೆ ಗ್ರಾಂಗೆ ಎಷ್ಟು ಬೀಳ್ತದ ಅಂತ ಪಾಕೀಟಿನ ಮ್ಯಾಲ ಬರೀಬೇಕು. ಕೇಜಿ ಒಳಗಿನ ಪಾಕೀಟಿಗೆ ಗ್ರಾಂ ಲೆಕ್ಕ, ಕೇಜಿ ಮ್ಯಾಲಿಂದಕ್ಕ ಕೇಜಿ ಲೆಕ್ಕ. ಸಣ್ಣ ಅಕ್ಷರ, ಡೇಟು ಬ್ಯಾಚು ನಡುವ ಸಿಕ್ಕೊಂಡಿರ್ತದ, ಆದ್ರ ಇರ್ತದ. ಇಷ್ಟು ವರ್ಷ ನಾನು ಎಕ್ಸ್‌ಪೈರಿ ಡೇಟ್ ನೋಡ್ತಿದ್ದೆ, ಅದರ ಮಗ್ಗಲಿಗೇ ಇದ್ದ ಈ ಸಾಲು ಒಂದು ದಿನಾನೂ ನೋಡಿರಲಿಲ್ಲ.

ಅವತ್ತು ರಾತ್ರಿ ಊಟ ಆದಮ್ಯಾಲ ನಮ್ಮ ಮನೆಯವರು ಮಿಲ್ಲಿನ ಕ್ಯಾಲ್ಕುಲೇಟರ್ ತಗೊಂಡು ಕೂತ್ರು, ನಾನು ಹೇಳ್ತಾ ಹೋದೆ. ಆ ಪಾಕೀಟು 139, ಗ್ರಾಂಗೆ ಹದಿನೆಂಟೂವರಿ ಪೈಸಾ. ಓಣಿ ಅಂಗಡಿಯ ಪೂರ್ತಿ ಲೀಟರ್ ಪಾಕೀಟು 158, ನೋಡಾಕ ತುಟ್ಟಿ, ಆದ್ರ ಗ್ರಾಂಗೆ ಹದಿನೇಳೂಕಾಲರ ಮ್ಯಾಲ ಸ್ವಲ್ಪ. ಲೀಟರಿಗೆ ಹತ್ತು ಹನ್ನೊಂದು ರೂಪಾಯಿ ಫರಕು. ಇದರಾಗ ಒಂದು ತೊಡಕು ಅದ, ಒಬ್ಬರು ಎಂಎಲ್‌ಗೆ ರೇಟ್ ಬರೀತಾರ ಒಬ್ಬರು ಗ್ರಾಂಗೆ, ಎರಡೂ ಅಂಕಿ ಹಂಗ ಪಕ್ಕಕ್ಕ ಇಟ್ಟು ನೋಡಿದ್ರ ಲೆಕ್ಕ ತಪ್ಪತದ, ಎಣ್ಣಿಗೆ ಎರಡರಲ್ಲೂ ಗ್ರಾಂನ ನೋಡಬೇಕು. ಶಾಂಪೂದಾಗ ಇನ್ನೂ ತಿರುವುಮುರುವು. ದೊಡ್ಡದು ತಗೊಂಡ್ರ ಉಳಿತಾಯ ಅಂತ ನಾನು ಬಾಟ್ಲಿ ತಂದಿದ್ದೆ, ಅದು ಎಂಎಲ್‌ಗೆ 60 ಪೈಸಾ ದಾಟತಿತ್ತು, ಮನ್ಯಾಗ ಮೊಳಿಗೆ ತೂಗುಹಾಕಿದ್ದ ಒಂದು ರೂಪಾಯಿ ಪಾಕೀಟಿನಾಗ 5 ಎಂಎಲ್ ಮ್ಯಾಲ ಇತ್ತು, ಅಂದ್ರ 20 ಪೈಸಾನೂ ಬೀಳಂಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಶಾಂಪೂ, ಟೂತ್‌ಪೇಸ್ಟಿನ ಜಿಎಸ್‌ಟಿ 18ರಿಂದ 5ಕ್ಕ ಇಳಿದದ, ಖರೇ, ಆದ್ರ ಆ ಬಾಟ್ಲಿ ಮತ್ತ ಪಾಕೀಟಿನ ನಡುವಿನ ಫರಕು ಅಂಥಾ ಎಷ್ಟು ಟ್ಯಾಕ್ಸ್ ಇಳಿದ್ರೂ ಮುಚ್ಚಂಗಿಲ್ಲ.

ಫಿನಾಯಿಲ್ ಎರಡಕ್ಕ ಒಂದು ಫ್ರೀ ಅಂತ ತಂದಿದ್ವಿ, ಬಚ್ಚಲದಾಗ ಹೋಗಿ ನೋಡಿದ್ರ ಒಂದು ಬಾಟ್ಲಿ ತುಂಬಿದ್ದು ಹಂಗ ಇತ್ತು. ಮನ್ಯಾಗ ಏನದ ಅಂತ ನೋಡದ ಹೋಗಿದ್ದು ನಮ್ಮ ಮೊದಲನೇ ತಪ್ಪು. ಈಗ ಕ್ಯಾಲೆಂಡರಿನ ಹಿಂದ ಚೀಟಿ ಸಿಗಿಸೀನಿ, ಡಬ್ಬಿ ತಳ ಕಂಡಾಗ ಅದರಾಗ ಬರೀತೀನಿ, ಆ ಚೀಟಿ ಇಲ್ದ ಅಂಗಡಿಗೆ ಹೋಗಂಗಿಲ್ಲ.

ಮರುದಿನ ಓಣಿ ಅಂಗಡಿ ಕಾಕಾನ ಹತ್ರ ಅಕ್ಕಿಗೆ ಹೋದೆ. ನಮ್ಮ ಸೀಮಿ ಸೋನಾಮಸೂರಿ ಎಲ್ಲೆಲ್ಲಿಗೋ ಹೋಗ್ತದ, ಸಿಂಧನೂರು ಗಂಗಾವತಿ ಕಡೆ ಮಿಲ್ಲು ಬೇಕಾದಷ್ಟು, ಅಂಥಾ ಊರಾಗ ಇದ್ದುಕೊಂಡು ನಾನು ಹೋದ ವರ್ಷದಿಂದ 10 ಕೇಜಿ ಬಣ್ಣದ ಚೀಲ ತರ್ತಿದ್ದೆ, 680 ರೂಪಾಯಿ, ಕೇಜಿಗೆ 68. ಕಾಕಾ 26 ಕೇಜಿ ಚೀಲ ತೋರಿಸಿದ್ರು, 1,482.

"ಇದೇನ್ ಕಾಕಾ, 25 ಇರೋದು ಬಿಟ್ಟು 26?"

"ಅದಾ? 2022ರ ಜುಲೈದಾಗ ಪ್ಯಾಕ್ ಮಾಡಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತಲ್ಲವ್ವ, ಅದು 25 ಕೇಜಿ ತನಕ ಅಷ್ಟ. ಒಂದ್ ಕೇಜಿ ಹೆಚ್ಚಿಗಿ ತುಂಬಿದ್ರ ಟ್ಯಾಕ್ಸ್ ಇಲ್ಲ. ಅದಕ್ಕ 26."

ಕೇಜಿಗೆ 57 ಬಿತ್ತು. ಹನ್ನೊಂದು ರೂಪಾಯಿ ಫರಕಿನಾಗ ಟ್ಯಾಕ್ಸಿನ ಪಾಲು ಮೂರು ರೂಪಾಯಿ ಸುಮಾರು ಇರಬಹುದು, ಉಳಿದದ್ದು ಹೆಸರಿಗೆ, ಬಣ್ಣದ ಚೀಲಕ್ಕ. ಒಂದು ಚೀಲದ ಮ್ಯಾಲ 286 ರೂಪಾಯಿ. ಕಾಕಾ ಹೊಸಾ ಅಕ್ಕಿ ಇನ್ನೂ ಕಮ್ಮಿಗೆ ಅದ ಅಂದ್ರು, ಅತ್ತಿ ಬ್ಯಾಡ ಅಂದಿದ್ರು, ಹೊಸಾವು ಮುದ್ದಿ ಆಗ್ತಾವ, ಹಳೇವು ಒದಗ್ತಾವ, ಅಷ್ಟ ಅಕ್ಕಿಗೆ ಅನ್ನ ಹೆಚ್ಚಿಗಿ ಆಗ್ತದ. ರೇಟಿನಾಗ ಕಾಣದ ಲೆಕ್ಕ ಇದು.

ತೊಗರಿ ಬ್ಯಾಳಿ ವಿಷಯ ಅಂತೂ ಅತ್ತಿ ಪೂರ್ತಿ ತಮ್ಮ ಕೈಗೆ ತಗೊಂಡ್ರು. ನಮ್ಮ ಕಡೆ ತೊಗರಿ ಡಿಸೆಂಬರ್ ಜನವರ್‍ಯಾಗ ರಾಶಿ ಆಗ್ತದ, ಹೊಸಾ ಬ್ಯಾಳಿ ಬಂದಾಗ ರೇಟ್ ಮೆತ್ತಗಿರ್ತದ, ಮಳಿಗಾಲಕ್ಕ ಹೊತ್ತಿಗೆ ಏರತದ. ಹತ್ತು ಕೇಜಿ ತರಿಸಿ, ಮಾಳಿಗಿ ಮ್ಯಾಲ ಎರಡು ದಿನ ಬಿಸಿಲಿಗೆ ಹಾಕಿ, ಔಡಲೆಣ್ಣಿ ಅಂಗೈಗೆ ಸವರಿಕೊಂಡು ಬ್ಯಾಳಿ ತಿಕ್ಕಿದ್ರು, ಹುಳ ಮುಟ್ಟಂಗಿಲ್ಲಂತ. ಅವರ ಮಗ್ಗಲಿಗೆ ಕೂತು ನಾನೂ ತಿಕ್ಕಿದೆ, ಆ ವಾಸನಿ ಎರಡು ದಿನ ಕೈ ಬಿಡಲಿಲ್ಲ. ಆದ್ರ ಕಂಡಿದ್ದೆಲ್ಲಾ ಗಂಟು ಕಟ್ಟಿ ಇಡಾಕ ಅವರು ಬಿಡಂಗಿಲ್ಲ. ರವಾ ತಿಂಗಳಿಗೆ ಆಗೋಷ್ಟ ತಾ, ಶೇಂಗಾ ಬಹಳ ದಿನ ಇಟ್ರ ಕಮಟು ಹೊಡಿತದ, ಉದ್ರಿ ತಂದು ಡಬ್ಬಿ ತುಂಬಬ್ಯಾಡ, ಕೈಯಾಗ ರೊಕ್ಕ ಇದ್ದಷ್ಟ ತಾ, ಅಂತಾರ. ಈ ಕಡೀ ಮಾತು ನನಗ ಎಲ್ಲಾಕಿಂತ ದೊಡ್ಡದು ಅನಸತದ, ಯಾಕಂದ್ರ ಸೋವಿ ಅದ ಅಂತ ಸಾಲ ಮಾಡಿ ತುಂಬಿಕೊಂಡು ಆಮ್ಯಾಲ ಫೀಸಿಗೆ ಕೈಚಾಚಿದವರನ್ನ ನಮ್ಮ ಓಣ್ಯಾಗ ನೋಡೀನಿ.

ಕಾಯಿಪಲ್ಲೆಗೆ ಉಸ್ಮಾನಿಯಾ ಮಾರ್ಕೆಟ್ಟ ಸೈ. ರಾತ್ರಿ ಅಂಗಡಿ ಎತ್ತೋ ಮುಂದ ಹೋದ್ರ ಟಮಾಟಿ, ಬದನಿಕಾಯಿ ಇಳಿಸಿ ಕೊಡ್ತಾರ, ಸೊಪ್ಪು ಮಾತ್ರ ಅಷ್ಟೊತ್ತಿಗೆ ಬಾಡಿರ್ತದ, ಪುಂಡಿಪಲ್ಲೆ ಬೇಕಿದ್ರ ಮುಂಜಾನೆನ ಹೋಗಬೇಕು.

ಎರಡು ತಿಂಗಳ ಮ್ಯಾಲ ಹೋದ ವಾರ ಮತ್ತ ಅದೇ ಸೂಪರ್ ಮಾರ್ಕೆಟ್‌ಗೆ ಹೋದ್ವಿ. ಅಲ್ಲಿ ಕೆಲವು ಸಾಮಾನು ಖರೇನ ಕಮ್ಮಿ ಅದಾವ, ಡಿಟರ್ಜೆಂಟ್ ಪುಡಿ, ಪಾತ್ರಿ ಸಾಬೂನು ಅಲ್ಲೇ ತರ್ತೀನಿ, ಎಲ್ಲಿ ಯಾವುದು ಸೋವಿ ಅಂತ ಚೀಟಿ ಮ್ಯಾಲ ಬರಕೊಂಡೇ ಹೋಗ್ತೀನಿ. ಈ ಸಲ ಅತ್ತಿನೂ ಬಂದಿದ್ರು, ಮೊದಲನೇ ಸಲ. ಸೆರಗು ಹೊದ್ದುಕೊಂಡು ಎಣ್ಣಿ ಸಾಲಿನ ಮುಂದ ನಿಂತು ಕಣ್ಣಿನ ಮಟ್ಟಕ್ಕ ಜೋಡಿಸಿದ್ದ ಪಾಕೀಟು ಒಂದೊಂದ ಅಂಗೈ ಮ್ಯಾಲ ಇಟ್ಟು ನೋಡಿ ನೋಡಿ ವಾಪಸ್ ಇಡಾಕ ಹತ್ತಿದ್ರು. ಅಲ್ಲಿ ಕೆಲಸದ ಹುಡುಗ ಬಂದ.

"ಏನ್ ಹುಡುಕ್ತೀರಿ ಅಜ್ಜಿ?"

"ಲೀಟ್ರು ಹುಡುಕ್ತೀನಪ."

ಆ ಹುಡುಗ ಒಂದ್ ಕ್ಷಣ ಅತ್ತಿ ಮುಖ ನೋಡಿದ, ಆಮ್ಯಾಲ ಮೊಣಕಾಲು ಮಡಚಿ ಕೂತು, ಎಲ್ಲಾಕಿಂತ ಕೆಳಗಿನ ಸಾಲಿನಾಗ ಕೈ ಹಾಕಿ, ಹಿಂದಿಂದ ಒಂದು ಪಾಕೀಟು ಎಳದು ಕೊಟ್ಟ. ಅತ್ತಿ ಅದನ್ನ ಅಂಗೈ ಮ್ಯಾಲ ಒಂದ್ ಸಲ ಮ್ಯಾಲ ಕೆಳಗ ಮಾಡಿ ನನ್ನ ಕೈಯಾಗಿಟ್ಟು, "ಇದು ಅದ ನೋಡು" ಅಂದ್ರು.