ಮತ್ತಿ ಮರದ ತೊಗಟೆ ಜಿಗಿಯಿತು

ಅಕ್ಟೋಬರ್ ಕೊನೆ ಹೊತ್ತಿಗೆ ಮಳೆ ಬಿಟ್ಟಿರುತ್ತದೆ ಅಂತ ನಂಬಿ ಹೊರಟಿದ್ದೆವು. ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟಿ ನಗರ ಎಂಬ ಊರಿನ ಹತ್ತಿರದ ಅತ್ತೆ ಮನೆ ಸೇರುವಾಗ ಜೋರು ಮಳೆ. ಜೊತೆಗಿದ್ದ ಗೆಳೆಯ ಕೀಟಶಾಸ್ತ್ರ ಓದಿದವನು. ಅವನಿಗೆ ಜಿಗಿಹುಳುಗಳ, ಅಂದರೆ ಗಿಡದ ರಸ ಹೀರಿ ಬದುಕುವ, ಮುಟ್ಟಿದರೆ ಜಿಗಿಯುವ ಪುಟ್ಟ ಕೀಟಗಳ (leafhopper) ಹುಚ್ಚು.

"ಗದ್ದೇಲಿ ಬೇಕಾದಷ್ಟು ಇರ್ತಾವಲ್ಲ, ಅದಕ್ಕೆ ಇಷ್ಟು ದೂರ ಬಂದ್ರಾ?" ಅಂತ ಅತ್ತೆ ನಕ್ಕರು. ಗದ್ದೆಯ ಹಸಿರು ಜಿಗಿಹುಳು ಅಕ್ಕಿಕಾಳಿಗಿಂತ ಸಣ್ಣದು. ನಾವು ಹುಡುಕಿ ಬಂದಿದ್ದು ಲೆಡ್ರಿನೇ ಎಂಬ ಗುಂಪಿನದನ್ನ. ಇದರಲ್ಲಿ ಕೆಲವು ಒಂದೂವರೆ ಸೆಂಟಿಮೀಟರ್ ಉದ್ದ ಇರುತ್ತವೆ, ತೊಗಟೆಗೆ ಚಪ್ಪಟೆಯಾಗಿ ಅಂಟಿ ಕೂರುತ್ತವೆ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಕಾಡಿನಲ್ಲಿ ಹುಳ ಹಿಡಿಯಲು ಇಲಾಖೆಯ ಅನುಮತಿ ಬೇಕು, ಅದಕ್ಕೇ ಮಾವನ ತೋಟದ ಅಂಚಿನ ಮರಗಳನ್ನಷ್ಟೇ ನೋಡುವುದು ಅಂತಾಯ್ತು. ಮೊದಲ ದಿನ ಸಿಕ್ಕಿದ್ದು ಉಂಬಳ ಮಾತ್ರ, ಅದೂ ಲೆಕ್ಕವಿಲ್ಲದಷ್ಟು.

ಎರಡನೇ ದಿನ ಬೆಳಿಗ್ಗೆ ಮತ್ತಿ ಮರದ ಕೆಳಕೊಂಬೆಯಲ್ಲಿ ಇರುವೆ ಸಾಲೊಂದು ಒಂದು ಜಾಗದಲ್ಲಿ ಮಾತ್ರ ಸುತ್ತಿ ಬಳಸಿ ಹೋಗುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಮತ್ತಿಯ ತೊಗಟೆ ಗೊತ್ತಲ್ಲ, ಮೊಸಳೆ ಬೆನ್ನಿನ ಹಾಗೆ ಬಿರುಕು ಬಿಟ್ಟಿರುತ್ತದೆ. ಗೆಳೆಯ ಹುಲ್ಲುಕಡ್ಡಿ ತಾಗಿಸಿದ್ದೇ ತಡ, ತೊಗಟೆಯ ಒಂದು ಚೂರು ಟಪ್ಪನೆ ಹಾರಿ ನನ್ನ ಅಂಗಿ ಮೇಲೆ ಕೂತಿತು! ಗಾಜಿನ ಡಬ್ಬಿಗೆ ಹಾಕಿ ಲೆನ್ಸ್‌ನಲ್ಲಿ ನೋಡಿದೆ. ಬೂದುಗಂದು ಬಣ್ಣ, ಸಲಿಕೆಯಂಥ ಚಪ್ಪಟೆ ತಲೆ, ಹಿಂಗಾಲಿನ ಉದ್ದಕ್ಕೂ ಬಾಚಣಿಗೆ ಹಲ್ಲಿನಂತೆ ಮುಳ್ಳುಸಾಲು. ಈ ಮುಳ್ಳುಸಾಲೇ ಜಿಗಿಹುಳುವಿನ ಗುರುತು.

ಜಾತಿ ಯಾವುದು ಅಂದೆ. ಗೆಳೆಯ ಡಬ್ಬಿ ಮಗುಚಿ ಹೊಟ್ಟೆ ನೋಡಿ "ಥತ್, ಹೆಣ್ಣು ಮಾರಾಯ" ಅಂದ. ಹೊಟ್ಟೆಯಡಿ ಕತ್ತಿಯ ಅಲಗಿನ ಹಾಗೆ ಮೊಟ್ಟೆಯಿಡುವ ಅಂಗ ಕಾಣುತ್ತಿತ್ತು. ಜಗತ್ತಿನಲ್ಲಿ ಹೆಸರಿಟ್ಟಿರುವ ಜಿಗಿಹುಳುಗಳೇ 20,000ಕ್ಕೂ ಜಾಸ್ತಿ. ಹೊರನೋಟಕ್ಕೆ ಎಷ್ಟೋ ಒಂದೇ ಥರ ಇರುವುದರಿಂದ, ಗಂಡಿನ ಹೊಟ್ಟೆಯ ತುದಿಯನ್ನು ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಕಾಯಿಸಿ, ಒಳಗಿನ ಜನನಾಂಗದ ಆಕಾರ ನೋಡಿಯೇ ಸಾಮಾನ್ಯವಾಗಿ ಜಾತಿ ಹೇಳುತ್ತಾರೆ. ನನಗಂತೂ ಬೇಜಾರಾಯ್ತು. ಅವನು ಮಾತ್ರ ಮರದ ಹೆಸರು, ಕೊಂಬೆಯ ಎತ್ತರ, ನೆರಳು ಎಲ್ಲ ಬರೆದುಕೊಂಡು ಹುಳವನ್ನು ಅದೇ ಕೊಂಬೆಗೆ ಬಿಟ್ಟ.

ಮಾವ ತಲೆ ಕೆರೆದುಕೊಂಡರು. ಸೊಪ್ಪಿಗೆ ಅಂತ ಈ ವರ್ಷ ಕಡಿಯಬೇಕಿದ್ದಿದ್ದು ಅದೇ ಮತ್ತಿಯನ್ನಂತೆ. "ಈ ಸಲ ಬೇರೆ ಮರ ಹತ್ತಿಸ್ತೀನಿ ಬಿಡಿ. ಆದ್ರೆ ಗಂಡು ಬಂತು ಅಂತ ನಂಗೆ ಗೊತ್ತಾಗೋದು ಹ್ಯಾಗೆ?"

ಗೆಳೆಯ ಲೆನ್ಸ್ ಅವರ ಕೈಗೆ ಕೊಟ್ಟು ಕಲಿಸಲು ಕೂತ. ಕಾಫಿ ಆರಿಹೋಯಿತು.