ತಿರುಗಿ ಬತ್ಯ?

"ಹೌದನಾ ತಮಾ, ನೀ ತಿರುಗಿ ಬತ್ಯ?"

ಮಂಗಳವಾರ ರಾತ್ರಿ ಅಣ್ಣ ಕೇಳಿದ್ದು ಇಷ್ಟೇ, ನೀನು ತಿರುಗಿ ಬರುತ್ತೀಯಾ ಅಂತ. ನಾಲ್ಕು ದಿನ ಆಯ್ತು, ಕಿವಿಯಿಂದ ಹೋಗುತ್ತಿಲ್ಲ. ಒಗ್ಗರಣೆ ಹಾಕುವಾಗ ಕೇಳುತ್ತದೆ. ದೇವಿಕೆರೆ ಹತ್ತಿರ ಸ್ಕೂಟಿ ನಿಲ್ಲಿಸಿಕೊಂಡು ತರಕಾರಿ ಆರಿಸುವಾಗ ಕೇಳುತ್ತದೆ. ಅಣ್ಣ ಕೇಳಿದ್ದು ನನ್ನನ್ನಲ್ಲ, ಅವನ ಮಗನನ್ನು. ಆದರೂ ಉತ್ತರ ನಾನೇ ಕೊಡಬೇಕಿತ್ತು ಅನ್ನಿಸುತ್ತಿದೆ. ಯಾಕೆ ಅಂತ ಹೇಳುತ್ತೇನೆ.

ಅಣ್ಣ ಅಂದರೆ ದೊಡ್ಡಪ್ಪನ ಮಗ. ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗೆ ಅವನ ಮನೆ. ಮಗನ ಹೆಸರು ಬೇಡ, ನಮ್ಮ ಕಡೆ ಹುಡುಗನಿಗೆ ಹೇಳುವ ಹಾಗೆ ಮಾಣಿ ಅಂತಲೇ ಬರೆಯುತ್ತೇನೆ. ಮಾಣಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎರಡೂವರೆ ವರ್ಷದಿಂದ ಕೆಲಸದಲ್ಲಿದ್ದಾನೆ. ನವೆಂಬರಿನಲ್ಲಿ ಎರಡನೇ ಸಲ ಕ್ಯಾಟ್, ಅಂದರೆ ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆ, ಬರೆದ. ಈ ಸಲ ಚೆನ್ನಾಗಿ ಬಂತು, ಒಂದೆರಡು ಐಐಎಂಗಳಿಂದ ಇಂಟರ್‌ವ್ಯೂಗೆ ಕರೆಯೂ ಬಂತು. ಮುಂದಿನ ವಾರ ಬೆಂಗಳೂರಿನಲ್ಲಿ ಇದೆ. ಅದಕ್ಕೆ ಮೊದಲು ಹತ್ತು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಬಂದವನನ್ನು ಅತ್ತಿಗೆ ನೇರವಾಗಿ ನನ್ನ ಕೊರಳಿಗೆ ಕಟ್ಟಿದಳು. ನಾನು ಮೊದಲು ಬೆಂಗಳೂರಿನ ಕಂಪನಿಯೊಂದರಲ್ಲಿ ಎಚ್‌ಆರ್ ಆಗಿದ್ದೆ. ಹನ್ನೊಂದು ವರ್ಷ ಮೇಜಿನ ಆಚೆ ಕಡೆ ಕೂತು ಹುಡುಗರನ್ನು ಪ್ರಶ್ನೆ ಕೇಳಿದವಳು. ಆ ವಿದ್ಯೆ ಶಿರಸಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಯಾರೋ ಕೇಳಿದರಲ್ಲ ಅಂತ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಮಾಣಿಯ ಕೈಯಲ್ಲಿ ಕೋಚಿಂಗ್‌ನವರು ಕೊಟ್ಟ ಎಂಟು ಪುಟದ ಪಿಡಿಎಫ್ ಇತ್ತು. 'ನಿಮ್ಮ ಬಗ್ಗೆ ಹೇಳಿ', 'ಎಂಬಿಎ ಯಾಕೆ', 'ಈಗಲೇ ಯಾಕೆ', 'ಹತ್ತು ವರ್ಷದ ನಂತರ ಎಲ್ಲಿರುತ್ತೀರಿ'. ಎಲ್ಲಕ್ಕೂ ಉತ್ತರ ರೆಡಿ. ಹೆಸರು, ಊರು ಜಾಗ ಖಾಲಿ ಬಿಟ್ಟಿದ್ದರು, ತುಂಬಿಕೊಂಡರೆ ಆಯ್ತು. ಎಲ್ಲರಿಗೂ ಒಂದೇ ಅಳತೆಯ ಅಂಗಿ. 'ನಾಯಕತ್ವದ ಗುಣ ನನ್ನಲ್ಲಿ ಚಿಕ್ಕಂದಿನಿಂದ ಇದೆ' ಅಂತ ಮಾಣಿ ಓದಿದಾಗ ಒಳಗಿನಿಂದ ಅತ್ತಿಗೆಗೇ ನಗು ಬಂತು. ಈ ಮಾಣಿ ಚಿಕ್ಕಂದಿನಲ್ಲಿ ಕೊಟ್ಟಿಗೆಗೆ ಒಬ್ಬನೇ ಹೋಗಲು ಹೆದರುತ್ತಿದ್ದ.

ಅದನ್ನೆಲ್ಲ ಪಕ್ಕಕ್ಕಿಡು ಅಂದೆ. ಒಳಗೆ ಕೂತಿರುವವರು ಇಬ್ಬರೋ ಮೂವರೋ. ನಿನಗೆ ಸಿಗುವುದು ಹದಿನೈದರಿಂದ ಇಪ್ಪತ್ತೈದು ನಿಮಿಷ. ನೀನು ಫಾರಂನಲ್ಲಿ ಬರೆದ ಮಾತು, ಬಾಯಿಂದ ಆಡಿದ ಮಾತು, ಅದನ್ನೇ ಹಿಡಿದು ಎಳೆಯುತ್ತಾರೆ. ಅದಕ್ಕೆ ಎಳೆದರೆ ಹರಿಯದಂಥ ಮಾತು ಮಾತ್ರ ಆಡು. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ ಸರ್' ಅನ್ನು, ಅದೂ ಉತ್ತರವೇ. ಹೀಗೆಲ್ಲ ದೊಡ್ಡದಾಗಿ ಭಾಷಣ ಮಾಡಿದೆ.

ಆಮೇಲೆ ನಾನೇ ಒಂದು ತಪ್ಪು ಮಾಡಿದೆ. 'ಹತ್ತು ವರ್ಷದ ನಂತರ' ಅನ್ನುವ ಪ್ರಶ್ನೆಗೆ ಅವನು ಬರೆದುಕೊಂಡಿದ್ದು ಮೊದಲು ಕನ್ಸಲ್ಟಿಂಗ್, ಆಮೇಲೆ ದೊಡ್ಡ ಕಂಪನಿಯಲ್ಲಿ ಸ್ಟ್ರಾಟೆಜಿ ಅಂತ. ಸಪ್ಪೆ ಅನ್ನಿಸಿತು. "ಇದನ್ನು ಆ ದಿನ ಮೂವತ್ತು ಜನ ಹೇಳುತ್ತಾರೆ. ನಿನ್ನ ಹತ್ತಿರ ಶಿರಸಿ ಇದೆಯಲ್ಲೋ, ಅದನ್ನು ಹಾಕು" ಅಂದೆ. ಪೆನ್ನು ತಗೊಂಡು ನಾನೇ ಬರೆದೆ. ಹತ್ತು ವರ್ಷದ ನಂತರ ನಾನು ನನ್ನ ಊರಿಗೆ ಹಿಂತಿರುಗಿ, ನಮ್ಮ ನಾಲ್ಕು ಎಕರೆ ತೋಟದಿಂದ ಶುರು ಮಾಡಿ, ಸುತ್ತಲಿನ ಸಣ್ಣ ಬೆಳೆಗಾರರ ಅಡಿಕೆ, ಕಾಳುಮೆಣಸು ಸೇರಿಸಿ ಒಂದು ಉದ್ದಿಮೆ ಕಟ್ಟುತ್ತೇನೆ. ಪ್ಯಾನೆಲ್‌ನವರಿಗೆ ಮಣ್ಣಿನ ವಾಸನೆ ಅಂದರೆ ಪ್ರೀತಿ, ಎಸಿ ರೂಮಲ್ಲಿ ಅದು ಇನ್ನೂ ಚೆನ್ನಾಗಿ ಹರಡುತ್ತದೆ. ಇದು ನನ್ನ ಹನ್ನೊಂದು ವರ್ಷದ ಅನುಭವ.

ಇದು ಭಾನುವಾರದ್ದು. ಮಂಗಳವಾರ ರಾತ್ರಿ ಪೂರ್ತಿ ಅಣಕು ಇಂಟರ್‌ವ್ಯೂ ಅಂತ ಠರಾವಾಯಿತು. ಮಾಣಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದ, ಕೆಳಗೆ ಮಾತ್ರ ಲುಂಗಿ. ನಡುಮನೆಯಲ್ಲಿ ನಾನು, ಎದುರಿಗೆ ಅವನು. ಬಾಗಿಲಿನ ಆಚೆ ಜಗುಲಿಯಲ್ಲಿ ಅಣ್ಣ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುತ್ತಿದ್ದ. ಈಗ ಸುಲಿಯುವ ಮಷಿನ್ ಬಂದಿದೆ, ಅವನಿಗೂ ಗೊತ್ತು. ಆದರೂ ಊಟಕ್ಕೆ ಮುಂಚೆ ಎರಡು ತಾಸು ಮೆಟ್ಟುಗತ್ತಿ ಮುಂದೆ ಕೂರದಿದ್ದರೆ ಅವನಿಗೆ ದಿನ ಮುಗಿದಂತೆ ಆಗುವುದಿಲ್ಲ. ಮಣೆಯನ್ನು ಕಾಲಲ್ಲಿ ಮೆಟ್ಟಿ, ಅಡಿಕೆಯನ್ನು ಅಲಗಿಗೆ ಒತ್ತಿ, ಒಂದು ತಿರುವು. ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಕಣ್ಣು ಬೇಕೇ ಇಲ್ಲ ಅವನಿಗೆ. ನಮ್ಮ ಇಂಟರ್‌ವ್ಯೂ ಉದ್ದಕ್ಕೂ ಆ ಟಕ್ ಟಕ್ ಇತ್ತು.

ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಊರಿನ ಬಗ್ಗೆ ಕೇಳಿದೆ. ಇದನ್ನು ಪ್ಯಾನೆಲ್‌ನವರು ಖಂಡಿತ ಕೇಳುತ್ತಾರೆ. ಮಾಣಿ ಮಾರಿಕಾಂಬೆಯಿಂದ ಹಿಡಿದು ಬನವಾಸಿಯ ಕದಂಬರವರೆಗೆ ಒಂದೇ ಉಸಿರಿಗೆ ಒಪ್ಪಿಸಿದ. ಸಾಕು ಮಾರಾಯ ಅಂದೆ, ನೀನು ಗೈಡ್ ಕೆಲಸಕ್ಕೆ ಹೋಗುತ್ತಿಲ್ಲ. ವ್ಯಾಪಾರದ ವಿಷಯ ಹೇಳು. ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಗುರುತು, ಸಿಕ್ಕಿದ್ದು ಗೊತ್ತಿತ್ತು. ತೋಟಗಾರ್ಸ್ ಸೊಸೈಟಿ, ನಮ್ಮ ಬಾಯಲ್ಲಿ ಟಿಎಸ್‌ಎಸ್, ಶುರುವಾಗಿದ್ದು ಯಾವಾಗ ಅಂದರೆ ಗೊತ್ತಿಲ್ಲ. ಕಡವೆ ಶ್ರೀಪಾದರಾವ್ ಹೆಗಡೆಯವರು 1923ರಲ್ಲಿ ಕಟ್ಟಿದ್ದು. ಇವನ ಅಜ್ಜನ ಕಾಲದಿಂದ ಈ ಮನೆಯ ಅಡಿಕೆ ಹೋಗುವುದು ಅಲ್ಲಿಗೇ. ಬೆಳೆಗಾರರು ಸೇರಿ ಉದ್ದಿಮೆ ಕಟ್ಟುತ್ತೇನೆ ಅನ್ನುವವನು, ಬೆಳೆಗಾರರು ನೂರು ವರ್ಷದ ಹಿಂದೆಯೇ ಸೇರಿ ಕಟ್ಟಿದ್ದು ಪಕ್ಕದಲ್ಲೇ ಇದೆ ಅನ್ನುವುದನ್ನು ತಿಳಿದಿರಬೇಡವಾ? ಆದರೆ ಆ ಉದ್ದಿಮೆಯ ಮಾತು ನಾನು ಬರೆದುಕೊಟ್ಟಿದ್ದು, ಅವನನ್ನು ಬೈದು ಏನು ಪ್ರಯೋಜನ.

ಆಮೇಲೆ ಪರಿಸರಕ್ಕೆ ಪೂರಕವಾದ ಕೃಷಿ, ಬೆಟ್ಟ, ಸೊಪ್ಪು ಅಂತ ಏನೋ ಚಂದ ಚಂದ ಹೇಳತೊಡಗಿದ. ತಡೆದು ಕೇಳಿದೆ, ನಿಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಎಷ್ಟು ಎಕರೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಹಕ್ಕು ಇದೆ? ಮಾಣಿ ಮೇಲೆ ಸೂರು ನೋಡಿದ.

"ಒಂಬತ್ತು. ಅದು ಕಾಯ್ದೆ ಲೆಕ್ಕ," ಅಂತ ಜಗುಲಿಯಿಂದ ಬಂತು.

ಇಬ್ಬರೂ ನಕ್ಕೆವು. ನಕ್ಕೆವೇ ಹೊರತು, ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿಂದ ಹೇಗೆ ಉತ್ತರ ಬಂತು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅಣ್ಣ ಬಿ.ಕಾಂ. ಮಾಡಿದವನು. ಆಗಿನ ಕಾಲಕ್ಕೆ ಒಳ್ಳೆ ಮಾರ್ಕ್ಸು ತೆಗೆದಿದ್ದ. ದೊಡ್ಡಪ್ಪನಿಗೆ ಕೈಲಾಗದೆ ಹೋದಾಗ ತೋಟಕ್ಕೆ ಇಳಿದವನು ಮತ್ತೆ ಹತ್ತಲಿಲ್ಲ. ನಲವತ್ತು ವರ್ಷದಿಂದ ಅವನನ್ನು ಮುಂಡು, ತಲೆಗೆ ಹಾಳೆ ಟೊಪ್ಪಿ, ಕೈಯಲ್ಲಿ ಕತ್ತಿ ಹೀಗೇ ನೋಡಿ ನೋಡಿ ನಾನೇ ಮರೆತುಬಿಟ್ಟಿದ್ದೆ.

ಮುಂದಿನದು ಕಷ್ಟದ ಪ್ರಶ್ನೆ. ಬೇಕೆಂದೇ ಕೇಳಿದೆ. "ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ನಿಮ್ಮ ಮನೆಯ ಅನ್ನ ಅದರದ್ದೇ. ಏನು ಹೇಳುತ್ತೀರಿ?" ಮಾಣಿ, ಅದು ತಂಬಾಕಿನ ತಪ್ಪು ಸರ್, ಗುಟ್ಕಾದ್ದು, ಅಡಿಕೆದ್ದಲ್ಲ ಅಂದ. ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಮದುವೆ ಮನೆಯ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆಯ ಎದುರು ಇದು ಚೆನ್ನಾಗಿ ನಡೆಯುತ್ತದೆ. ಪ್ಯಾನೆಲ್ ಮುಂದೆ ನಡೆಯುವುದಿಲ್ಲ. 2004ರ ಆ ವರದಿಯಲ್ಲಿ ತಂಬಾಕು ಇಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಬೇರೆ ಬೇರೆಯಾಗಿಯೇ ಪರಿಶೀಲಿಸಿ ಹಾಗೆ ಹೇಳಿದ್ದಾರೆ. ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡು ಅಂದೆ. ಬೆಳೆ ಬದಲಿಸುವುದು ಯಾಕೆ ಸುಲಭ ಅಲ್ಲ ಹೇಳು. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ, ಕೊಳೆ ರೋಗ, ಅದಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಖರ್ಚು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರ ಸಿಗದಿರುವುದು, ನಡುವೆ ಹಬ್ಬಿಸಿದ ಮೆಣಸಿನ ಬಳ್ಳಿ ಮನೆ ನಡೆಸುವುದು. ಇದು ನಿನಗೆ ಗೊತ್ತಿರುವ ವಿಷಯ, ಇದನ್ನು ಹೇಳು.

ಟಕ್ ಟಕ್ ನಡುವೆ ಒಮ್ಮೆ ನಿಂತಿತ್ತು. ಆಗ ಗಮನಿಸಲಿಲ್ಲ. ಈಗ ನೆನಪಾಗುತ್ತಿದೆ, ನಿಂತಿತ್ತು.

ಕಡೆಗೆ ಹತ್ತು ವರ್ಷದ ಪ್ರಶ್ನೆ. ಮಾಣಿ ಅದನ್ನು ಬಹಳ ಚೆನ್ನಾಗಿ ಹೇಳಿದ. ಹೇಳಿದ ರೀತಿ ಕಂಡು ನನಗೇ ಹೆಮ್ಮೆ ಆಯಿತು. ಗಂಟಲು ಸ್ವಲ್ಪ ಇಳಿಸಿ, 'ನಮ್ಮ ತೋಟ' ಅನ್ನುವಾಗ ಒಂದು ಕ್ಷಣ ತಡೆದು. ನಾನು ಹೇಳಿಕೊಟ್ಟಿರಲಿಲ್ಲ ಅದನ್ನು. 'ಶಭಾಷ್' ಅನ್ನಬೇಕು, ಬಾಗಿಲಲ್ಲಿ ಅಣ್ಣ ನಿಂತಿದ್ದಾನೆ. ಮುಂಡಿನ ಮೇಲೆ ಸಿಪ್ಪೆಯ ನಾರು. ಕೈಯಲ್ಲಿ ಇನ್ನೂ ಸುಲಿಯದ ಒಂದು ಅಡಿಕೆ.

"ಹೌದನಾ ತಮಾ, ನೀ ತಿರುಗಿ ಬತ್ಯ?"

ಮಾಣಿ ನನ್ನ ಮುಖ ನೋಡಿದ. ಆಮೇಲೆ ನಕ್ಕು, "ಇಂಟರ್‌ವ್ಯೂಗೆ ಹಂಗೆ ಹೇಳವು ಅಪ್ಪಯ್ಯ. ಅತ್ತೆ ಬರೆದು ಕೊಟ್ಟಿದ್ದು," ಅಂದ.

"ಓ, ಹಂಗಾ," ಅಂದ ಅಣ್ಣ. ಹೋಗಿ ಕೂತ. ಟಕ್ ಟಕ್ ಮತ್ತೆ ಶುರುವಾಯಿತು.

ಮಾಣಿಯದು ತಪ್ಪಿಲ್ಲ. ಅವನು ಸುಳ್ಳು ಹೇಳುವ ಜಾತಿಯವನಲ್ಲ, ಅದಕ್ಕೇ ಅಪ್ಪನ ಎದುರು ಒಂದು ನಿಮಿಷವೂ ಸುಳ್ಳು ಹೇಳಲಿಲ್ಲ. ಅತ್ತಿಗೆಯ ಲೆಕ್ಕವೇ ಬೇರೆ. ಊಟಕ್ಕೆ ಬಡಿಸುತ್ತಾ, "ಬಂದು ಎಂತ ಮಾಡ್ತ? ಮನೇಲಿಪ್ಪ ಮಾಣಿಗೆ ಕೂಸು ಯಾರು ಕೊಡ್ತ?" ಅಂದಳು. ಕೂಸು ಅಂದರೆ ಹೆಣ್ಣು. ಅವಳ ಮಾತಲ್ಲೂ ತಪ್ಪಿಲ್ಲ. ಆ ಕೇರಿಯಲ್ಲಿ ಹದಿನಾಲ್ಕು ಮನೆ. ನಲವತ್ತು ದಾಟದವರು ಇದ್ದು ತೋಟ ನೋಡಿಕೊಳ್ಳುವ ಮನೆ ಎರಡು. ಎರಡರಲ್ಲೂ ಮದುವೆ ಆಗಿಲ್ಲ. ಉಳಿದ ಮನೆಗಳಲ್ಲಿ ಇಬ್ಬಿಬ್ಬರು ಮುದುಕರು, ಒಂದು ನಾಯಿ, ಗೋಡೆಯ ಮೇಲೆ ಅಮೆರಿಕದ ಮೊಮ್ಮಕ್ಕಳ ಫೋಟೋ. ರಜೆಗೆ ಮಕ್ಕಳು ಬಂದಾಗ ಊರು ನಾಲ್ಕು ದಿನ ಊರಿನ ಹಾಗಿರುತ್ತದೆ.

ನಾನು ವಾಪಸ್ ಬಂದಿದ್ದು ಏಳು ವರ್ಷದ ಹಿಂದೆ. ಉದ್ದಿಮೆ ಕಟ್ಟಲು ಅಲ್ಲ. ಆಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಬಂದ ಹೊಸತರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ, ದೇವಸ್ಥಾನದಲ್ಲಿ, ಅಂಗಡಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಎಂತ ಆತು, ಕೆಲಸ ಹೋತಾ? ಗಂಡನ ಮನೆ ಸುದ್ದಿಯನ್ನೂ ಕೆಲವರು ಮೆಲ್ಲಗೆ ಕೆದಕಿದರು. ಊರಿಗೆ ವಾಪಸ್ ಬರುತ್ತೇನೆ ಅಂದರೆ ಬೆಂಗಳೂರಿನ ಪ್ಯಾನೆಲ್‌ನಲ್ಲಿ ಮಾರ್ಕ್ಸು ಬೀಳುತ್ತದೆ. ನಿಜವಾಗಿ ಬಂದರೆ ಶಿರಸಿಯಲ್ಲಿ ವಿವರಣೆ ಕೊಡಬೇಕು. ಎರಡನ್ನೂ ಕಂಡವಳು ನಾನು. ಆದರೂ ಆ ಸಾಲನ್ನು ಎಷ್ಟು ಸಲೀಸಾಗಿ ಬರೆದೆ! ನಾನೇ ಪ್ಯಾನೆಲ್‌ನಲ್ಲಿ ಇದ್ದಾಗ ಇಂಥ ಸಾಲು ಎಷ್ಟು ಕೇಳಿದ್ದೇನೋ. ಮಂಡ್ಯದ ಹುಡುಗ ಕಬ್ಬು ಅಂದಿದ್ದ, ಹಾವೇರಿಯ ಹುಡುಗಿ ಮೆಣಸಿನಕಾಯಿ ಅಂದಿದ್ದಳು. ತಲೆಯಾಡಿಸಿ ನಂಬರ್ ಹಾಕಿದ್ದೆ. ಅವರು ಹೋದರೋ ಇಲ್ಲವೋ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಹೇಳುವವರಿಗೂ ಕೇಳುವವರಿಗೂ ಅದು ಆಟದ ನಿಯಮ ಅಂತ ಗೊತ್ತಿರುತ್ತದೆ.

ಅಣ್ಣ ಮಾತ್ರ ಅದನ್ನು ಉತ್ತರ ಅಂತ ತಿಳಿದು ಎದ್ದು ಬಂದ. ಮೆಟ್ಟುಗತ್ತಿ ಬಿಟ್ಟು ಎದ್ದು ಬಂದ. ಆ ಮೊಣಕಾಲಲ್ಲಿ ಕೂತವನು ಏಳುವುದು ಸುಲಭ ಅಲ್ಲ, ನಾನು ನೋಡಿದ್ದೇನೆ, ಕಂಬ ಹಿಡಿದು ಏಳುತ್ತಾನೆ. ಮೊದಲ ದಿನ ನನಗೆ ಅವನ ಪ್ರಶ್ನೆಯಲ್ಲಿ ತಮಾಷೆ ಇತ್ತು ಅನ್ನಿಸಿತ್ತು. ಎರಡನೇ ದಿನ ಸಿಟ್ಟಿತ್ತೇನೋ ಅನ್ನಿಸಿತು. ಈಗ ನೆನೆದರೆ ಎರಡೂ ಇರಲಿಲ್ಲ. 'ಬಸ್ಸು ಎಷ್ಟು ಹೊತ್ತಿಗೆ' ಅಂತ ಕೇಳುವ ದನಿ. ಸುಮ್ನೆ, ತಿಳಿದುಕೊಳ್ಳಲು ಕೇಳಿದ್ದು.

ಆ ಸಾಲನ್ನು ತೆಗೆಸಬೇಕು ಅಂತ ಗುರುವಾರ ನಿಶ್ಚಯ ಮಾಡಿದೆ. ಕನ್ಸಲ್ಟಿಂಗ್ ಅಂತಲೇ ಹೇಳಲಿ, ಸಪ್ಪೆಯಾದರೂ ಅವನದ್ದೇ ಮಾತು. ಮಾಣಿಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ನಿನ್ನೆ ರಾತ್ರಿ ಅಣ್ಣನದೇ ಫೋನ್ ಬಂತು. ಅಣ್ಣ ಕೆಲಸ ಇಲ್ಲದೆ ಫೋನ್ ಮಾಡುವವನಲ್ಲ.

"ತಂಗಿ, ಆ ಮಾಣಿ ಹಾಳೇಲಿ ಒಂದು ತಪ್ಪಿದ್ದು. ತೋಟ ನಾಕೆಕರೆ ಅಲ್ಲ. ಮೂರೆಕರೆ ಹತ್ತು ಗುಂಟೆ. ಉಳಿದದ್ದು ಪಾಲಲ್ಲಿ ತಮ್ಮಂಗೆ ಹೋತಲ. ಅಲ್ಲಿ ಕೇಳಿರೆ ಸಿಕ್ಕಿ ಬೀಳ್ತ."

ಸರಿ ಮಾಡಿಸುತ್ತೇನೆ ಅಂದೆ. ಆಮೇಲೆ ಧೈರ್ಯ ಮಾಡಿ, ಆ ವಾಪಸ್ ಬರುವ ಸಾಲನ್ನೂ ತೆಗೆಸುತ್ತೇನೆ ಅಣ್ಣ, ಸುಮ್ನೆ ಬರೆದಿದ್ದು ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ, ಅವರ ಮನೆಯಲ್ಲಿ ಅದು ಮಾಮೂಲು.

"ಬ್ಯಾಡ," ಅಂದ. "ಅದು ಹಂಗೇ ಇರ್ಲಿ. ಚೊಲೋ ಇದ್ದು."

ಮಾಣಿಯ ಹಾಳೆಯ ಒಂದು ಪ್ರತಿ ನನ್ನ ಹತ್ತಿರವೇ ಇತ್ತು. ನಾಲ್ಕು ಎಕರೆಯನ್ನು ಹೊಡೆದುಹಾಕಿ, ಮೇಲೆ ಮೂರು ಎಕರೆ ಹತ್ತು ಗುಂಟೆ ಅಂತ ಬರೆದೆ.